ಬೇಗ ಬಂದವರ ಹಾಲು ನಿನ್ನೆಗೆ ಹೋಗಿತ್ತು: ಬಗ್ ಹುಡುಕುವವರಿಗೊಂದು ದಾರಿ

ಕೆಲವು ವರ್ಷಗಳ ಹಿಂದೆ ನಮ್ಮ ತಂಡ ಹಳ್ಳಿಯ ಹಾಲಿನ ಸಂಘಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತಿತ್ತು. ಡೇರಿಯಲ್ಲಿ ಹಾಲು ಅಳೆದು, ಫ್ಯಾಟ್ ನೋಡಿ, ಚೀಟಿ ಹರಿದುಕೊಟ್ಟ ಕೂಡಲೇ ಆ ಲೆಕ್ಕ ನಮ್ಮ ಸರ್ವರಿಗೆ ಬಂದು ಸೇರುತ್ತಿತ್ತು. ಒಂದು ದಿನ ಸಂಘವೊಂದರ ಕಾರ್ಯದರ್ಶಿ ಫೋನ್ ಮಾಡಿದರು. ‘ಕೆಲವರದ್ದು ಒಂದೇ ಬೆಳಗ್ಗೆಗೆ ಎರಡು ಸಲ ಹಾಲು ಹಾಕಿದಂಗೆ ತೋರಿಸ್ತಿದೆ ಸಾರ್, ಮಾರನೇ ದಿನ ಖಾಲಿ. ಬೇಗ ಬಂದ ದಿನಾನೇ ಹಿಂಗಾಗೋದು’ ಅಂದರು. ನಾನು ಟಿಕೆಟ್‌ನಲ್ಲಿ (ದೂರು ದಾಖಲಿಸುವ ಪುಟದಲ್ಲಿ) ಬರೆದುಕೊಂಡದ್ದು ಎರಡೇ ಪದ: ‘ಡೂಪ್ಲಿಕೇಟ್ ಎಂಟ್ರಿ’.

ಹಳ್ಳಿಯಲ್ಲಿ ನೆಟ್‌ವರ್ಕ್ ಸರಿಯಿಲ್ಲ, ಯಂತ್ರ ಒಂದೇ ಲೆಕ್ಕವನ್ನು ಎರಡು ಸಲ ಕಳಿಸುತ್ತಿದೆ ಎಂದು ತೀರ್ಮಾನಿಸಿಬಿಟ್ಟೆ. ಒಬ್ಬ ರೈತರಿಗೆ ಒಂದು ಬೆಳಗ್ಗೆಗೆ ಎರಡು ಲೆಕ್ಕ ಬಂದರೆ ಎರಡನೆಯದನ್ನು ಅಳಿಸುವ ಹನ್ನೊಂದು ಸಾಲು ಕೋಡ್ ಬರೆದೆ. ರಿವ್ಯೂ ಮಾಡಿದವರೂ ಒಪ್ಪಿದರು, ಅದು ಲೈವ್ ಹೋಯಿತು. ನಾಲ್ಕು ದಿನ ಆ ಕೋಡ್ ಓಡಿತು. ಆ ನಾಲ್ಕು ದಿನ ಅದು ಅಳಿಸಿದ್ದೆಲ್ಲ ನಿಜವಾದ ಹಾಲು. ಯಾರೋ ನಾಲ್ಕೂವರೆಗೆ ಎದ್ದು ಕರೆದು, ಕ್ಯಾನ್ ಹೊತ್ತು ತಂದು ಹಾಕಿದ್ದು.

ಮೂಲ ಚೀಟಿಗಳ ಪ್ರತಿ ಯಂತ್ರದಲ್ಲೇ ಉಳಿದಿದ್ದರಿಂದ ಲೆಕ್ಕವನ್ನು ವಾಪಸ್ ಕಟ್ಟಲು ಸಾಧ್ಯವಾಯಿತು. ಆದರೆ ಅಂದಿನಿಂದ ಹೊಸಬರ ಜೊತೆ ಕೂತಾಗ ನಾನು ಭಾಷೆ, ಫ್ರೇಮ್‌ವರ್ಕ್ ವಿಷಯ ಮೊದಲು ಎತ್ತುವುದಿಲ್ಲ. ಕೋಡ್ ಬರೆಯುವ ಜಾಣತನ ನಮ್ಮಲ್ಲಿ ಬೇಕಾದಷ್ಟಿದೆ. ಇಲ್ಲದಿರುವುದು ಊಹೆಗೂ ತಿಳಿದಿರುವ ಸಂಗತಿಗೂ ನಡುವೆ ಗೆರೆ ಎಳೆಯುವ ಅಭ್ಯಾಸ. ಇದು ಹುಟ್ಟಿನಿಂದ ಬರುವುದಲ್ಲ, ಕಲಿಯಬಹುದು. ಬಗ್, ಅಂದರೆ ಸಾಫ್ಟ್‌ವೇರ್‌ನೊಳಗಿನ ತಪ್ಪು, ಹುಡುಕಲು ನಾನು ಕಲಿತ ಕ್ರಮ ಇಲ್ಲಿದೆ.

ಹೆಜ್ಜೆ 1: ದೂರನ್ನು ದೂರು ಕೊಟ್ಟವರ ಮಾತಿನಲ್ಲೇ ಬರೆದುಕೊಳ್ಳಿ

ಕಾರ್ಯದರ್ಶಿಯ ಮಾತಿನಲ್ಲಿ ಉತ್ತರವೇ ಇತ್ತು: ‘ಬೇಗ ಬಂದ ದಿನಾನೇ’. ಅದನ್ನು ನನ್ನ ಭಾಷೆಗೆ ಇಳಿಸುವಾಗ ನಾನೇ ಉದುರಿಸಿಬಿಟ್ಟೆ. ‘ಡೂಪ್ಲಿಕೇಟ್’ ಎನ್ನುವುದು ಅವರು ಕಂಡದ್ದಲ್ಲ, ನನ್ನ ಊಹೆ. ಟಿಕೆಟ್ ಓದಿದವರೆಲ್ಲ ಅದನ್ನೇ ಸಂಗತಿ ಎಂದುಕೊಂಡರು.

ಈಗ ಟಿಕೆಟ್‌ನ ಮೇಲ್ಭಾಗದಲ್ಲಿ ಬಳಕೆದಾರರ ಮಾತು ಹೇಗಿದೆಯೋ ಹಾಗೇ ಇರಬೇಕು ಎನ್ನುವುದು ನಮ್ಮ ನಿಯಮ. ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲೇ. ಅದರ ಕೆಳಗೆ ಐದು ಪ್ರಶ್ನೆಗಳಿಗೆ ಉತ್ತರ: ಯಾರಿಗೆ ಆಗುತ್ತಿದೆ? ಯಾರಿಗೆ ಆಗುತ್ತಿಲ್ಲ? ಎಷ್ಟು ಹೊತ್ತಿಗೆ? ಯಾವಾಗಿನಿಂದ? ಪ್ರತಿ ಸಲವೋ, ಕೆಲವು ಸಲವೋ? ಎರಡನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ, ಆದರೆ ಹೆಚ್ಚು ಕೆಲಸ ಮಾಡುವುದು ಅದೇ. ಪಕ್ಕದ ಮನೆಯವರಿಗೆ ಆಗದೆ ಇವರಿಗೆ ಮಾತ್ರ ಆಗುತ್ತಿದೆ ಎಂದರೆ, ಇಬ್ಬರ ನಡುವಿನ ವ್ಯತ್ಯಾಸದಲ್ಲೇ ಕಾರಣ ಕೂತಿರುತ್ತದೆ.

ಸಾಧ್ಯವಾದರೆ ಒಂದು ಸಾಕ್ಷಿಯನ್ನು ಕೈಗೆ ತೆಗೆದುಕೊಳ್ಳಿ. ಕಾರ್ಯದರ್ಶಿ ನನಗೆ ವಾಟ್ಸಾಪ್‌ನಲ್ಲಿ ಹಾಲು ಹಾಕುವ ಒಬ್ಬ ಹೆಂಗಸಿನ ಚೀಟಿಯ ಫೋಟೋ ಕಳಿಸಿದರು. ಬೆರಳಿನ ಒದ್ದೆಗೆ ಶಾಯಿ ಸ್ವಲ್ಪ ಕದಡಿತ್ತು. ಆದರೂ ಓದಬಹುದಿತ್ತು: 13ನೇ ತಾರೀಖು, ಬೆಳಗ್ಗೆ 5:12, 6.4 ಲೀಟರ್, ಫ್ಯಾಟ್ 4.1. ನಮ್ಮ ಪರದೆಯಲ್ಲಿ ಅದೇ 6.4 ಲೀಟರ್ 12ನೇ ತಾರೀಖಿನಲ್ಲಿ ಕೂತಿತ್ತು. 12ರಂದು ಆಕೆ 5:40ಕ್ಕೆ ಹಾಕಿದ 5.8 ಲೀಟರ್‌ನ ಪಕ್ಕದಲ್ಲಿ. ಒಂದು 6.4, ಇನ್ನೊಂದು 5.8. ಅಳತೆ ಬೇರೆ ಬೇರೆ ಇರುವಾಗ ಇದು ಡೂಪ್ಲಿಕೇಟ್ ಆಗುವುದು ಹೇಗೆ? ಈ ಎರಡು ಅಂಕಿಗಳನ್ನು ಮೊದಲ ದಿನವೇ ನೋಡಿದ್ದರೆ ಆ ಹನ್ನೊಂದು ಸಾಲು ಹುಟ್ಟುತ್ತಲೇ ಇರಲಿಲ್ಲ.

ಹೆಜ್ಜೆ 2: ನಿಮ್ಮ ಕಣ್ಣೆದುರು ತಪ್ಪಾಗುವ ತನಕ ಕೋಡ್ ಮುಟ್ಟಬೇಡಿ

‘ನನ್ನ ಮೆಷಿನ್‌ನಲ್ಲಿ ಸರಿಯಾಗಿದೆ’ ಎಂದರೆ ಹುಡುಕಾಟ ಇನ್ನೂ ಶುರುವಾಗಿಲ್ಲ ಎಂದಷ್ಟೇ ಅರ್ಥ. ಬಳಕೆದಾರರು ಇರುವ ಸ್ಥಿತಿಯನ್ನು ನಿಮ್ಮ ಮೇಜಿನ ಮೇಲೆ ಕಟ್ಟಿಕೊಳ್ಳಿ: ಅದೇ ಹೊತ್ತು, ಅದೇ ಹೆಸರು, ಅದೇ ನಿಧಾನದ ನೆಟ್‌ವರ್ಕ್, ಅದೇ ಹಳೆಯ ಫೋನ್.

ನಾವು ಮಾಡಿದ್ದು ಇಷ್ಟೇ. ಟೆಸ್ಟ್ ಸರ್ವರಿಗೆ 5:12ರ ಒಂದು ಲೆಕ್ಕ ಕಳಿಸಿದೆವು, ಅದು ಹಿಂದಿನ ದಿನಕ್ಕೆ ಹೋಗಿ ಕೂತಿತು. 5:40ರದ್ದು ಕಳಿಸಿದೆವು, ಸರಿಯಾದ ದಿನಕ್ಕೆ ಬಂತು. ನಡುವೆ ಎಲ್ಲೋ ಗೆರೆ ಇದೆ. 5:29 ತಪ್ಪು, 5:30 ಸರಿ. ಭಾರತದ ಗಡಿಯಾರ ಯುಟಿಸಿಗಿಂತ (ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯಕ್ಕಿಂತ) ಐದೂವರೆ ಗಂಟೆ ಮುಂದಿದೆ. ನಮ್ಮಲ್ಲಿ 13ರ ಬೆಳಗ್ಗೆ 5:12 ಆಗಿರುವಾಗ ಯುಟಿಸಿಯಲ್ಲಿ ಇನ್ನೂ 12ರ ರಾತ್ರಿ 11:42. ಸರ್ವರ್ ಯುಟಿಸಿಯಲ್ಲಿದ್ದ ತನ್ನ ಗಡಿಯಾರ ನೋಡಿ ತಾರೀಖು ಹಾಕುತ್ತಿತ್ತು.

ನಮ್ಮ ಕಚೇರಿಯಲ್ಲಿ ಬೆಳಗಿನ ಐದೂವರೆಗೆ ಮುಂಚೆ ಯಾರೂ ಟೆಸ್ಟ್ ಮಾಡಿರಲಿಲ್ಲ. ಹಾಲು ಹಾಕಿ ಆರು ಗಂಟೆಯ ಗಾರ್ಮೆಂಟ್ಸ್ ಬಸ್ಸು ಹಿಡಿಯಬೇಕಾದ ಹೆಣ್ಣುಮಕ್ಕಳಿಗೆ ಮಾತ್ರ ಈ ತಪ್ಪು ಕಾಣುತ್ತಿತ್ತು. ಅವರಲ್ಲೂ, ಒಂದು ದಿನ ತಡವಾಗಿ ಬಂದು ಮಾರನೇ ದಿನ ಬೇಗ ಬಂದವರಿಗೆ ಮಾತ್ರ. ದಿನಾ ಬೇಗ ಬರುವವರ ಲೆಕ್ಕ ದಿನಾ ಒಂದೊಂದು ದಿನ ಹಿಂದೆ ಸರಿದು ಕೂತಿದ್ದರಿಂದ ದಿನಕ್ಕೊಂದೇ ಕಾಣುತ್ತಿತ್ತು, ಮೇಲ್ನೋಟಕ್ಕೆ ಎಲ್ಲ ಸರಿ.

ಈ ಹೆಜ್ಜೆಯ ತೂಕ ತಿಳಿಯಬೇಕಾದರೆ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ಕಥೆ ಓದಬೇಕು. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆ ಯಂತ್ರ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು, ಕೆಲವರು ಸತ್ತರು. ಹಾಗಾಗಲು ಸಾಧ್ಯವೇ ಇಲ್ಲ ಎಂದು ತಯಾರಕರು ಹೇಳುತ್ತಾ ಬಂದರು. ಟೆಕ್ಸಾಸ್‌ನ ಟೈಲರ್ ಪಟ್ಟಣದ ಆಸ್ಪತ್ರೆಯಲ್ಲಿ 1986ರಲ್ಲಿ ಎರಡನೆಯ ಅವಘಡ ಆದ ಮೇಲೆ ಅಲ್ಲಿನ ಭೌತವಿಜ್ಞಾನಿ ಮತ್ತು ಯಂತ್ರದ ಆಪರೇಟರ್ ಕೂತು, ಅಂದು ಒತ್ತಿದ ಕೀಲಿಗಳನ್ನೇ ಮತ್ತೆ ಮತ್ತೆ ಒತ್ತಿ ನೋಡಿದರು. ಕೊನೆಗೆ ಸಿಕ್ಕಿತು: ತಪ್ಪಾಗಿ ಒತ್ತಿದ್ದನ್ನು ಎಂಟು ಸೆಕೆಂಡಿನೊಳಗೆ ಸರಿಪಡಿಸಿ ಮುಂದೆ ಹೋದರೆ ಯಂತ್ರದೊಳಗಿನ ಎರಡು ಕೆಲಸಗಳ ಹೊಂದಾಣಿಕೆ ತಪ್ಪುತ್ತಿತ್ತು. ಕೈ ಪಳಗಿದ, ಸರಸರನೆ ಒತ್ತುವ ಆಪರೇಟರ್‌ಗಳಿಗೆ ಮಾತ್ರ ಆಗುವ ತಪ್ಪು ಅದು. ನಿಧಾನವಾಗಿ ಪರೀಕ್ಷೆ ಮಾಡಿದವರಿಗೆ ಅದು ಕಾಣುವುದಾದರೂ ಹೇಗೆ?

ಹೆಜ್ಜೆ 3: ಎರರ್ ಸಂದೇಶವನ್ನು ಪೂರ್ತಿ ಓದಿ

ಕೆಂಪು ಅಕ್ಷರ ಕಂಡೊಡನೆ ಕಾಪಿ ಮಾಡಿ ಗೂಗಲ್‌ಗೆ ಹಾಕುವವರೇ ಹೆಚ್ಚು. ಮೊದಲು ಓದಿ. ಪೈಥಾನ್‌ನಲ್ಲಿ ಮುಖ್ಯ ಮಾತು ಕೊನೆಯ ಸಾಲಿನಲ್ಲಿರುತ್ತದೆ. ಜಾವಾದಲ್ಲಿ ಮೇಲಿನ ಸಾಲು ಕೇವಲ ಹೊರಗಿನ ಹೊದಿಕೆ ಆಗಿರಬಹುದು, ನಿಜವಾದ ಕಾರಣ ಕೆಳಗಿನ ‘ಕಾಸ್ಡ್ ಬೈ’ ಸಾಲುಗಳಲ್ಲಿ, ಬಹಳ ಸಲ ಅವುಗಳಲ್ಲಿ ಕಟ್ಟಕಡೆಯದರಲ್ಲಿರುತ್ತದೆ. ಲೈಬ್ರರಿಯ ಸಾಲುಗಳನ್ನು ದಾಟಿ, ಆ ಮುಖ್ಯ ಮಾತಿಗೆ ಅತಿ ಹತ್ತಿರದಲ್ಲಿ ನೀವು ಬರೆದ ಫೈಲಿನ ಹೆಸರಿರುವ ಸಾಲನ್ನು ಗುರುತು ಹಾಕಿಕೊಳ್ಳಿ. ಹುಡುಕಾಟ ಅಲ್ಲಿಂದ.

ನೀವೇ ಎರರ್ ಸಂದೇಶ ಬರೆಯುವಾಗಲೂ ಓದುವವರನ್ನು ನೆನಪಿಡಿ. ಥೆರಾಕ್-25 ತನ್ನ ಪರದೆಯ ಮೇಲೆ ತೋರಿಸುತ್ತಿದ್ದದ್ದು ‘ಮಾಲ್‌ಫಂಕ್ಷನ್ 54’ ಎಂದು ಮಾತ್ರ. ಆಪರೇಟರ್‌ಗೆ ಅದರಿಂದ ಏನೂ ತಿಳಿಯುತ್ತಿರಲಿಲ್ಲ. ದಿನಕ್ಕೆ ಹತ್ತಾರು ಸಲ ಅಂಥವು ಬರುತ್ತಿದ್ದುದರಿಂದ ಮುಂದುವರಿಸುವ ಕೀಲಿ ಒತ್ತುವುದು ಅಭ್ಯಾಸವಾಗಿತ್ತು. ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’ ಎಂದು ಬರೆಯುವ ನಾವು ಅದೇ ದಾರಿಯಲ್ಲಿದ್ದೇವೆ. ಯಾವ ರೈತರ, ಯಾವ ಹೊತ್ತಿನ, ಯಾವ ಲೆಕ್ಕ ಸೇರಲಿಲ್ಲ, ಈಗ ಏನು ಮಾಡಬೇಕು ಎಂದು ಬರೆಯಲು ಹೆಚ್ಚೆಂದರೆ ಎರಡು ನಿಮಿಷ ಬೇಕು.

ಹೆಜ್ಜೆ 4: ಊಹೆಯನ್ನು ಬರೆದಿಡಿ, ಅದನ್ನು ಸುಳ್ಳಾಗಿಸಲು ನೋಡಿ

ಊಹೆ ಮಾಡುವುದು ತಪ್ಪಲ್ಲ, ಅದಿಲ್ಲದೆ ಹುಡುಕಲಾಗದು. ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ‘ನನ್ನ ಊಹೆ: ಯಂತ್ರ ಎರಡು ಸಲ ಕಳಿಸುತ್ತಿದೆ. ಇದು ನಿಜವಾದರೆ ಎರಡೂ ಲೆಕ್ಕದ ಅಳತೆ ಒಂದೇ ಇರಬೇಕು.’ ಈ ಎರಡನೆಯ ವಾಕ್ಯ ಬರೆದಿದ್ದರೆ ನಾನು ಅಳತೆ ನೋಡುತ್ತಿದ್ದೆ. ಊಹೆ ಅಲ್ಲೇ ಬಿದ್ದುಹೋಗುತ್ತಿತ್ತು.

ಒಮ್ಮೆಗೆ ಒಂದನ್ನೇ ಬದಲಿಸಿ. ಕ್ಯಾಶ್ (ಬೇಗ ಸಿಗಲೆಂದು ಇಟ್ಟ ತಾತ್ಕಾಲಿಕ ಪ್ರತಿ) ಅಳಿಸಿ, ಲೈಬ್ರರಿ ಆವೃತ್ತಿ ಏರಿಸಿ, ಸೆಟ್ಟಿಂಗ್ ತಿದ್ದಿ, ಮೂರನ್ನೂ ಒಟ್ಟಿಗೆ ಮಾಡಿದಾಗ ಬಗ್ ಮಾಯವಾದರೆ ಯಾವುದರಿಂದ ಹೋಯಿತೆಂದು ಯಾರಿಗೂ ಗೊತ್ತಿರುವುದಿಲ್ಲ, ಮತ್ತೆ ಯಾವಾಗ ಬರುತ್ತದೆಂದೂ ಗೊತ್ತಿರುವುದಿಲ್ಲ. ಫಲ ಕೊಡದ ಬದಲಾವಣೆಯನ್ನು ವಾಪಸ್ ತೆಗೆದು ಮುಂದಿನದಕ್ಕೆ ಹೋಗಿ.

ಎಐ ಸಹಾಯಕಗಳನ್ನು ಬಳಸುವವರಿಗೂ ಇದೇ ಮಾತು. ‘ಡೂಪ್ಲಿಕೇಟ್ ಎಂಟ್ರಿ ತೆಗೆಯುವ ಕೋಡ್ ಕೊಡು’ ಎಂದು ಕೇಳಿದ್ದರೆ ಅದು ನನ್ನ ಹನ್ನೊಂದು ಸಾಲನ್ನು ನನಗಿಂತ ಅಚ್ಚುಕಟ್ಟಾಗಿ ಬರೆದುಕೊಡುತ್ತಿತ್ತು. ಅದಕ್ಕೆ ತೀರ್ಮಾನ ಕೊಡಬೇಡಿ, ಚೀಟಿಯಲ್ಲಿರುವ ಸಂಗತಿ ಕೊಡಿ.

ಹೆಜ್ಜೆ 5: ಅರ್ಧ ಮಾಡಿ, ಮತ್ತೆ ಅರ್ಧ ಮಾಡಿ

ಹೋದ ತಿಂಗಳು ಸರಿಯಿತ್ತು, ಈಗ ಕೆಟ್ಟಿದೆ, ನಡುವೆ ಸಾವಿರ ಕಮಿಟ್ (ಕೋಡಿನಲ್ಲಿ ದಾಖಲಿಸಿದ ಬದಲಾವಣೆ) ಆಗಿವೆ. ಒಂದೊಂದಾಗಿ ನೋಡಬೇಕಿಲ್ಲ. ನಡುವಿನದನ್ನು ಪರೀಕ್ಷಿಸಿ, ತಪ್ಪು ಯಾವ ಅರ್ಧದಲ್ಲಿದೆ ಎಂದು ತಿಳಿದು, ಆ ಅರ್ಧದ ನಡುವಿಗೆ ಹೋಗಿ. ಹತ್ತು ಪರೀಕ್ಷೆಗೆ ಸಾವಿರ ಮುಗಿಯುತ್ತದೆ. ಕೋಡಿನ ಇತಿಹಾಸ ಇಟ್ಟುಕೊಳ್ಳುವ ಗಿಟ್‌ನಲ್ಲಿ ‘ಗಿಟ್ ಬೈಸೆಕ್ಟ್’ ಆಜ್ಞೆ ಇರುವುದೇ ಇದಕ್ಕೆ. ‘ಸ್ಟಾರ್ಟ್’ ಕೊಟ್ಟು, ಕೆಟ್ಟ ಕಮಿಟ್‌ಗೆ ‘ಬ್ಯಾಡ್’, ಸರಿಯಿದ್ದದ್ದಕ್ಕೆ ‘ಗುಡ್’ ಎನ್ನಿ, ನಡುವಿನದನ್ನು ಅದೇ ತಂದುಕೊಡುತ್ತದೆ. ಮುಗಿದ ಮೇಲೆ ‘ರಿಸೆಟ್’ ಮರೆಯಬೇಡಿ. ಕಮಿಟ್‌ಗೆ ಮಾತ್ರವಲ್ಲ, ಹತ್ತು ಸಾವಿರ ಸಾಲಿನ ಇನ್‌ಪುಟ್ ಫೈಲಿಗೂ ಉದ್ದದ ಕ್ವೆರಿಗೂ ಇದೇ ಉಪಾಯ.

ಆದರೆ ನಮ್ಮ ಹಾಲಿನ ಲೆಕ್ಕದಲ್ಲಿ ಬೈಸೆಕ್ಟ್ ಏನನ್ನೂ ತೋರಿಸಲಿಲ್ಲ. ತಾರೀಖು ಹಾಕುವ ಕೋಡಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾಗಿದ್ದದ್ದು ಸರ್ವರ್. ಹಳೆಯ ಸರ್ವರ್ ಭಾರತದ ಗಡಿಯಾರದಲ್ಲಿತ್ತು, ಹೊಸದು ಯುಟಿಸಿಯಲ್ಲಿ. ‘ಯಾವಾಗಿನಿಂದ?’ ಎಂಬ ಪ್ರಶ್ನೆಗೆ ಕಾರ್ಯದರ್ಶಿ ಹೇಳಿದ ದಿನವನ್ನು ಸರ್ವರ್ ಬದಲಿಸಿದ ದಿನದ ಪಕ್ಕದಲ್ಲಿಟ್ಟಾಗ ಅದು ಹೊಳೆಯಿತು. ಕೋಡ್ ಹಾಗೇ ಇದ್ದರೂ ಅದು ನಂಬಿಕೊಂಡಿದ್ದ ಲೋಕ ಬದಲಾಗಬಹುದು. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಹಾರಿ 40 ಸೆಕೆಂಡಿನ ಹೊತ್ತಿಗೆ ಚೂರಾದದ್ದೂ ಇದರಿಂದಲೇ. ಏರಿಯಾನ್ 4ರಲ್ಲಿ ಸರಿಯಾಗಿ ಓಡುತ್ತಿದ್ದ ಕೋಡನ್ನು ಹಾಗೇ ತಂದಿದ್ದರು. ಹೊಸ ರಾಕೆಟ್‌ನ ಅಡ್ಡವೇಗ ಹೆಚ್ಚು. 64 ಬಿಟ್‌ನ ಆ ಸಂಖ್ಯೆಯನ್ನು 16 ಬಿಟ್‌ಗೆ ತುರುಕುವಾಗ 32,767ರ ಮಿತಿ ದಾಟಿತು.

ಆದ್ದರಿಂದ ಗಿಟ್ ಇತಿಹಾಸದ ಜೊತೆಗೆ ಇನ್ನೊಂದು ಪಟ್ಟಿ ಇಟ್ಟುಕೊಳ್ಳಿ: ಸರ್ವರ್, ಡೇಟಾಬೇಸ್ ಆವೃತ್ತಿ, ಸರ್ಟಿಫಿಕೇಟ್, ಸೆಟ್ಟಿಂಗ್, ಹೊರಗಿನ ಸೇವೆ, ಯಾವುದು ಯಾವ ದಿನ ಬದಲಾಯಿತು ಎಂದು. ಒಂದು ಸಾದಾ ಫೈಲ್ ಸಾಕು.

ಹೆಜ್ಜೆ 6: ನಾವು ಮತ್ತೆ ಮತ್ತೆ ಎಡವುವ ಜಾಗಗಳನ್ನು ಮೊದಲು ನೋಡಿ

ಸಮಯದ ವಿಷಯ ಆಯಿತು. ಹಣದಲ್ಲಿ ಫ್ಲೋಟ್ (ದಶಮಾಂಶವನ್ನು ಅಂದಾಜಿನಲ್ಲಿ ಇಡುವ ಸಂಖ್ಯೆ) ಬಳಸಬೇಡಿ, 0.1ಕ್ಕೆ 0.2 ಕೂಡಿಸಿದರೆ ಜಾವಾಸ್ಕ್ರಿಪ್ಟ್‌ನಲ್ಲೂ ಪೈಥಾನ್‌ನಲ್ಲೂ 0.30000000000000004 ಬರುತ್ತದೆ. ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ, ಇಲ್ಲವೇ ದಶಮಾಂಶವನ್ನು ನಿಖರವಾಗಿ ಇಡುವ ಡೆಸಿಮಲ್ ಬಳಸಿ. ಅಳತೆ ಇದ್ದ ಕಡೆ ಮಾನವನ್ನು ಹೆಸರಿನಲ್ಲೇ ಸೇರಿಸಿ, ಲೀಟರೋ ಕಿಲೋ ಗ್ರಾಮೋ ಎಂದು. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳದ ಬಳಿ ಕಳೆದುಹೋದದ್ದು ಒಂದು ತಂಡದ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ, ಇನ್ನೊಂದು ನ್ಯೂಟನ್ ಲೆಕ್ಕದಲ್ಲಿ ಇದ್ದುದರಿಂದ.

ಕನ್ನಡದ ಹೆಸರುಗಳ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಜನರಿಗಾಗಿ ನಾವೇ ಮಾಡುವ ಸಾಫ್ಟ್‌ವೇರ್‌ನಲ್ಲೇ ಇಲ್ಲಿ ಅತಿ ಹೆಚ್ಚು ಎಡವುವುದನ್ನು ಕಂಡಿದ್ದೇನೆ, ಅದು ನನಗೆ ನೋವಿನ ಸಂಗತಿ.

‘ಲಕ್ಷ್ಮೀ’ ಎಂದು ಬರೆಯಿರಿ. ಓದುವ ಮಗುವಿಗೆ ಅದು ಎರಡಕ್ಷರ. ಕಂಪ್ಯೂಟರಿಗೆ ಲ, ಕ, ವಿರಾಮ (ಒತ್ತಕ್ಷರ ಕೂಡಿಸುವ ಚಿಹ್ನೆ), ಷ, ವಿರಾಮ, ಮ, ದೀರ್ಘ ಈ ಚಿಹ್ನೆ ಎಂದು ಏಳು ಸಂಕೇತ. ಸಂಕೇತಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ ಮೂರು ಬೈಟ್, ಒಟ್ಟು 21. ಹೆಸರಿಗೆ 20 ಬೈಟ್ ಜಾಗ ಇಟ್ಟ ಕಾಲಂ ಈ ಎರಡಕ್ಷರವನ್ನೂ ಪೂರ್ತಿ ಹಿಡಿಯಲಾರದು. ನಾಲ್ಕು ಸಂಕೇತಕ್ಕೆ ಕತ್ತರಿಸಿದರೆ ಉಳಿಯುವುದು ‘ಲಕ್ಷ’. ಕತ್ತರಿಸಲೇಬೇಕಾದರೆ ಸಂಕೇತದ ನಡುವೆ ಅಲ್ಲ, ಗ್ರಾಫೀಮ್ ಗುಚ್ಛದ (ಕಣ್ಣಿಗೆ ಒಂದಕ್ಷರವಾಗಿ ಕಾಣುವ ಸಂಕೇತಗಳ ಗುಂಪಿನ) ಗಡಿಯಲ್ಲಿ ಕತ್ತರಿಸುವ ಲೈಬ್ರರಿ ಬಳಸಿ, ಅದು ಒತ್ತಕ್ಷರವನ್ನು ಒಡೆಯುವುದಿಲ್ಲವೇ ಎಂದು ಇದೇ ಹೆಸರು ಹಾಕಿ ನೋಡಿ.

ಹುಡುಕುವಾಗ ಇನ್ನೂ ಕಷ್ಟ. ಕಣ್ಣಿಗೆ ಒಂದೇ ರೀತಿ ಕಾಣುವ ‘ೀ’ ಒಂದೇ ಸಂಕೇತವಾಗಿಯೂ ಇರಬಹುದು, ಹ್ರಸ್ವ ಚಿಹ್ನೆ ಮತ್ತು ದೀರ್ಘದ ಬಾಲ ಸೇರಿ ಎರಡಾಗಿಯೂ ಇರಬಹುದು. ಸೇರಿಸುವ ಮುಂಚೆಯೂ ಹುಡುಕುವ ಮುಂಚೆಯೂ ಎನ್‌ಎಫ್‌ಸಿ ಎಂಬ, ಯುನಿಕೋಡ್ ಗೊತ್ತುಮಾಡಿದ ಒಂದೇ ರೂಪಕ್ಕೆ ತನ್ನಿ, ಎರಡೂ ಒಂದಾಗುತ್ತವೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ, ಒತ್ತಕ್ಷರವಾಗದಂತೆ ತಡೆಯುವ ಒಂದು ಸಂಕೇತ ಕೂತಿರುತ್ತದೆ. ಒಬ್ಬರು ಅದನ್ನು ಹಾಕಿ ಬರೆದು, ಇನ್ನೊಬ್ಬರು ಹಾಕದೆ ಹುಡುಕಿದರೆ ಹೆಸರು ಸಿಗುವುದಿಲ್ಲ. ಎನ್‌ಎಫ್‌ಸಿ ಇದನ್ನು ಸರಿಮಾಡುವುದಿಲ್ಲ. ಹುಡುಕಾಟಕ್ಕೆಂದೇ ಆ ಸಂಕೇತ ತೆಗೆದ ಒಂದು ಪ್ರತಿಯನ್ನು ಬೇರೆ ಕಾಲಂನಲ್ಲಿ ಇಡಬೇಕು, ತೋರಿಸಲು ಮೂಲವನ್ನೇ ಇಟ್ಟುಕೊಳ್ಳಬೇಕು. ಇನ್ನು ‘ಸರ್‌ನೇಮ್ ಕಡ್ಡಾಯ’ ಎನ್ನುವ ಫಾರ್ಮ್: ನಮ್ಮಲ್ಲಿ ಊರಿನ, ತಂದೆಯ ಮೊದಲಕ್ಷರ ಮುಂದೆ ಇಟ್ಟುಕೊಂಡು ಒಂದೇ ಹೆಸರಲ್ಲಿ ಬದುಕುವವರು ಎಷ್ಟು ಮಂದಿ! ಪೂರ್ತಿ ಹೆಸರಿಗೆ ಒಂದೇ ಪೆಟ್ಟಿಗೆ ಕೊಡಿ.

ಹೆಜ್ಜೆ 7: ಕೆಡುವ ಟೆಸ್ಟ್ ಮೊದಲು, ತಿದ್ದುವುದು ಆಮೇಲೆ

ಕಾರಣ ಸಿಕ್ಕ ಸಂತೋಷದಲ್ಲಿ ನೇರ ತಿದ್ದಲು ಹೋಗಬೇಡಿ. 5:29ಕ್ಕೆ ಒಂದು, 5:30ಕ್ಕೆ ಒಂದು ಟೆಸ್ಟ್ ಬರೆದೆವು. ಮೊದಲನೆಯದು ಕೆಟ್ಟಿತು. ಕೆಡಬೇಕಿತ್ತು. ಆಮೇಲೆ ತಿದ್ದಿದೆವು: ಕ್ಷಣವನ್ನು ಯುಟಿಸಿಯಲ್ಲೇ ಇಟ್ಟು, ತಾರೀಖು ತೆಗೆಯುವ ಮುಂಚೆ ಭಾರತದ ಸಮಯವಾದ ಏಷ್ಯಾ/ಕೋಲ್ಕತಾ ವಲಯಕ್ಕೆ ಬದಲಿಸಿದೆವು. ಜೊತೆಗೆ ‘ಹಾಲು ಹಾಕಿದ ದಿನ’ ಎಂಬ ಕಾಲಂ ಸೇರಿಸಿ, ಚೀಟಿಯಲ್ಲಿ ಅಚ್ಚಾದ ತಾರೀಖನ್ನೇ ಅದರಲ್ಲಿ ಬರೆದೆವು. ರೈತರ ಕೈಯಲ್ಲಿರುವ ಕಾಗದಕ್ಕೂ ನಮ್ಮ ಲೆಕ್ಕಕ್ಕೂ ವ್ಯತ್ಯಾಸ ಬರಬಾರದಲ್ಲ.

ಅದೇ ತಪ್ಪು ಬೇರೆಲ್ಲಿದೆ ಎಂದು ಆ ದಿನವೇ ಹುಡುಕಿ. ನಮಗೆ ಇನ್ನೂ ಮೂರು ಕಡೆ ಸಿಕ್ಕಿತು. ಅದರಲ್ಲೊಂದು ಮಾರ್ಚ್ 31ರ ವಾರ್ಷಿಕ ಲೆಕ್ಕ. ಪ್ರತಿಷ್ಠಿತ ಕೋಡೂ ಇದಕ್ಕೆ ಹೊರತಲ್ಲ. ಜಾವಾದ ಲೈಬ್ರರಿಯಲ್ಲಿದ್ದ, ಅರ್ಧ ಮಾಡುತ್ತಾ ಹುಡುಕುವ ಬೈನರಿ ಸರ್ಚ್‌ನಲ್ಲಿ ಎರಡು ಸ್ಥಾನ ಕೂಡಿಸಿ ಅರ್ಧ ಮಾಡುವ ಸಾಲು, ಮೊತ್ತ 2,147,483,647 ದಾಟಿದರೆ ಕೆಡುತ್ತಿತ್ತು. ಅದನ್ನು ಬರೆದ ಜೋಶುವಾ ಬ್ಲಾಕ್ ತಾವೇ 2006ರಲ್ಲಿ ಅದನ್ನು ಬಹಿರಂಗವಾಗಿ ಬರೆದು, ಬೇರೆಯವರೂ ತಮ್ಮ ಕೋಡ್ ನೋಡಿಕೊಳ್ಳಲಿ ಎಂದರು. ಸುಮಾರು ಒಂಬತ್ತು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತನ್ನ ತಪ್ಪನ್ನು ಹಾಗೆ ಹೇಳಿಕೊಳ್ಳುವುದೂ ಈ ವೃತ್ತಿಯ ಒಂದು ಕೌಶಲವೆಂದೇ ನಾನು ತಿಳಿದಿದ್ದೇನೆ.

ಹೆಜ್ಜೆ 8: ಹೊಸ ಕೋಡ್ ಎಲ್ಲ ಕಡೆ ತಲುಪಿತೇ ನೋಡಿ

ಲೈವ್ ಹೋದ ಮೇಲೆ ಪ್ರತಿ ಸರ್ವರ್‌ನಲ್ಲೂ ಆವೃತ್ತಿ ಸಂಖ್ಯೆ ಓದಿ ಖಚಿತಪಡಿಸಿಕೊಳ್ಳಿ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಕಂಪನಿಯಲ್ಲಿ ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಸುಮಾರು 45 ನಿಮಿಷದಲ್ಲಿ ನಷ್ಟ 44 ಕೋಟಿ ಡಾಲರ್ ದಾಟಿತ್ತು.

ಹಳೆಯ ಡೇಟಾ ಸರಿಪಡಿಸುವುದು ಬೇರೆಯೇ ಕೆಲಸ. ಮೊದಲು ಬ್ಯಾಕಪ್. ಆಮೇಲೆ ಏನೂ ಬದಲಿಸದೆ, ಏನೇನು ಬದಲಾಗುತ್ತದೆ ಎಂದು ಪಟ್ಟಿ ಮಾತ್ರ ಕೊಡುವ ಸ್ಕ್ರಿಪ್ಟ್ ಓಡಿಸಿ. ಆ ಪಟ್ಟಿಯನ್ನು ಲೆಕ್ಕ ಬಲ್ಲವರ ಮುಂದಿಡಿ. ನಾವು ಅದನ್ನು ಕಾರ್ಯದರ್ಶಿಗೆ ಕಳಿಸಿದಾಗ ಅವರು ತಮ್ಮ ಪುಸ್ತಕದ ಜೊತೆ ತಾಳೆ ನೋಡಿ, ನಮ್ಮ ಸ್ಕ್ರಿಪ್ಟ್ ಬಿಟ್ಟಿದ್ದ ಎರಡು ಲೆಕ್ಕ ತೋರಿಸಿಕೊಟ್ಟರು. ಆ ಎರಡು ಬೆಳಗ್ಗೆ ಕರೆಂಟ್ ಇಲ್ಲದೆ ಚೀಟಿಯನ್ನು ಕೈಯಲ್ಲಿ ಬರೆದಿದ್ದರಂತೆ.

ಹೆಜ್ಜೆ 9: ಬರೆದಿಡಿ, ಆಮೇಲೆ ಫೋನ್ ಮಾಡಿ

ಕಮಿಟ್ ಸಂದೇಶದಲ್ಲಿ ‘ಬಗ್ ಫಿಕ್ಸ್’ ಎಂದಷ್ಟೇ ಬರೆದರೆ ಎರಡು ವರ್ಷ ಬಿಟ್ಟು ಓದುವವರಿಗೆ ಏನೂ ಸಿಗುವುದಿಲ್ಲ, ಆ ಓದುವವರು ನೀವೇ ಇರಬಹುದು. ಏನು ಕಂಡಿತು, ಕಾರಣ ಏನು, ಯಾಕೆ ಹೀಗೆ ತಿದ್ದಿದೆವು, ಮೂರು ವಾಕ್ಯ ಸಾಕು. ದಾರಿ ತೋಚದೆ ಕೂತಿದ್ದರೆ ಅರ್ಧ ಗಂಟೆಗಿಂತ ಹೆಚ್ಚು ಒಬ್ಬರೇ ಒದ್ದಾಡಬೇಡಿ. ಹಾಳೆಯಲ್ಲಿ ಬರೆದ ಊಹೆಗಳನ್ನೂ ಬಿದ್ದುಹೋದ ಊಹೆಗಳನ್ನೂ ಹಿಡಿದು ಪಕ್ಕದವರ ಬಳಿ ಹೋಗಿ. ಹಾಗೆ ಕೇಳಲು ಬಂದವರನ್ನು ಯಾರೂ ಕೀಳಾಗಿ ನೋಡಿದ್ದನ್ನು ನಾನು ಕಂಡಿಲ್ಲ.

ಟಿಕೆಟ್ ಮುಚ್ಚುವ ಮುಂಚೆ ದೂರು ಕೊಟ್ಟವರಿಗೆ ಫೋನ್ ಮಾಡಿ. ‘ಸರಿಯಾಗಿದೆ’ ಎಂದು ಹೇಳಲು ಅಲ್ಲ, ಸರಿಯಾಗಿದೆಯೇ ಎಂದು ಕೇಳಲು. ನಾನು ಮಾರನೇ ದಿನ ಬೆಳಗ್ಗೆ ಐದು ಗಂಟೆಗೆ ಎದ್ದು ಕೂತು ಡೇರಿಯ ಲೆಕ್ಕ ಬರುವುದನ್ನು ಕಾದೆ. 5:09ಕ್ಕೆ ಮೊದಲನೆಯದು ಬಂತು. ಕಾರ್ಯದರ್ಶಿಗೆ ಫೋನ್ ಮಾಡಿ, ಚೀಟಿಯಲ್ಲಿ ಯಾವ ತಾರೀಖು ಇದೆ ಎಂದು ಕೇಳಿದೆ. ಅವರು ಓದಿದರು. ನನ್ನ ಪರದೆಯಲ್ಲಿದ್ದದ್ದೂ ಅದೇ ತಾರೀಖು.